ಜೋಳದ ಡಬ್ಬಿಯಲ್ಲಿದ್ದ ತಾಳ

ನನ್ನ ಬಳಿ ಸಮಾಲೋಚನೆಗೆ ಬಂದ ಆ ತಾಯಿ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವರು. ವಯಸ್ಸು 52. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಊರಿನ ಹೆಂಗಸರ ಭಜನೆಯಲ್ಲಿ ಪದ ಎತ್ತಿಕೊಡುತ್ತಿದ್ದವರು ಇವರೇ. 7 ತಿಂಗಳ ಹಿಂದೆ ಮಗ ಬೈಕಿನಿಂದ ಬಿದ್ದು ತೀರಿಕೊಂಡ. ಅಂದಿನಿಂದ ಹಾಡಿಲ್ಲ. ತಾಳವನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದರು, ಕಣ್ಣಿಗೇ ಬೀಳಬಾರದು ಅಂತ.

"ಆದದ್ದೆಲ್ಲ ಒಳಿತೇ ಅಂತ ಹಾಡು, ಮನಸ್ಸು ಹಗುರ ಆಗ್ತದ ಅಂತಾರ್ರೀ ಮೇಡಂ. ಬಾಯಿ ತೆಗದ್ರ ದೇವರ ಮ್ಯಾಲೆ ಸಿಟ್ಟು ಬರ್ತದ. ನಾ ಪಾಪಿ ಏನ್ರೀ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅವರು ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಮಗನ ಬಗ್ಗೆ ಹೇಳಿ ಅಂದೆ. ಮುಕ್ಕಾಲು ಗಂಟೆ ಮಾತಾಡಿದರು. ಇಷ್ಟು ದಿನ ಎಲ್ಲರೂ ಸಮಾಧಾನ ಹೇಳಿದ್ದರು, ಅವನ ಬಗ್ಗೆ ಕೇಳಿದವರೇ ಇರಲಿಲ್ಲ.

ಆಮೇಲೆ ಅವರ ಪದಗಳನ್ನೇ ಹಿಡಿದು ಮಾತಾಡಿದೆವು. 'ಆದದ್ದೆಲ್ಲ ಒಳಿತೇ ಆಯಿತು' ಅಂತ ಪುರಂದರದಾಸರು ಹಾಡಿದ್ದು ತಮ್ಮ ಬದುಕಿನ ಬಗ್ಗೆ. ಸಿರಿತನ ಬಿಟ್ಟು ದಾಸರಾದದ್ದಕ್ಕೆ, ಕೈಗೆ ದಂಡಿಗೆ (ದಾಸರು ಮೀಟುವ ತಂಬೂರಿ) ಹಿಡಿಸಿದ ಹೆಂಡತಿಗೆ ಸಲ್ಲಿಸಿದ ಕೃತಜ್ಞತೆ ಅದು. ಮಗನನ್ನು ಕಳೆದುಕೊಂಡವಳಿಗೆ ಹೇಳಿದ ಬುದ್ಧಿಮಾತಲ್ಲ. ಅದೇ ದಾಸರು 'ಕಂಡು ಕಂಡು ನೀ ಎನ್ನ ಕೈಬಿಡುವರೆ' ಅಂತ ಕೃಷ್ಣನನ್ನು ಕೇಳಿಯೂ ಇದ್ದಾರೆ. ದೂರುವುದಕ್ಕೂ ಭಕ್ತಿಯಲ್ಲಿ ಜಾಗ ಇದೆ, ಅಲ್ವಾ? ಇದನ್ನು ಕೇಳಿ ಆ ತಾಯಿ ಬಹಳ ಹೊತ್ತು ಅತ್ತರು.

ಒಪ್ಪಿಕೊಳ್ಳುವುದನ್ನು ಯಾರೂ ಹೊರಗಿಂದ ಹೇರಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗಾಗಿ ಕೊಟ್ಟ ಸಲಹೆ ಸಣ್ಣದು. ಶನಿವಾರ ಗುಡಿಗೆ ಹೋಗಿ, ಹಿಂದೆ ಕಂಬಕ್ಕೆ ಒರಗಿ ಸುಮ್ನೆ ಕೂತುಕೊಳ್ಳಿ. ಹಾಡಲೇಬೇಕು ಅಂತಿಲ್ಲ. ಅಳು ಬಂದರೆ ಅಳಿ, ಎದ್ದು ಬರಬೇಕು ಅನಿಸಿದರೆ ಎದ್ದು ಬನ್ನಿ. ಬಾಯಿಗೆ ಬಂದರೆ ದೂರುವ ಪದವನ್ನೇ ಮೊದಲು ಹಾಡಿ. ಭಜನೆಯ ಅಕ್ಕನೊಬ್ಬರನ್ನೂ ಕರೆಸಿ, "ಒಳ್ಳೆಯದಕ್ಕೇ ಆಯಿತು" ಅನ್ನುವುದನ್ನು ನಿಲ್ಲಿಸಿ, ಹುಡುಗನ ಹೆಸರು ಹಿಡಿದು ಮಾತಾಡಿಸಿ ಅಂತ ಕೇಳಿಕೊಂಡೆ.

ಆ ತಾಯಿಗೆ ರಾತ್ರಿ ಎರಡು ಗಂಟೆ ನಿದ್ದೆಯೂ ಇರಲಿಲ್ಲ, ಊಟ ಅರ್ಧಕ್ಕೆ ಇಳಿದಿತ್ತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದರು. ಆದರೂ ವೈದ್ಯರ ಬಳಿ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮಗಳ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೇ ಸಲ ಬಂದಾಗ ತಾಳ ಜೊತೆಗಿತ್ತು. ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು.

"ಒಂದು ನುಡಿ ಹಾಡಿದ್ನಿರೀ. ಎರಡನೇದಕ್ಕ ಗಂಟಲು ಕಟ್ಟಿತು. ಉಳಿದದ್ದು ಭಜನಿ ಹೆಂಗಸ್ರು ಹಾಡಿದ್ರು. ತಾಳದ ದಾರ ಹಳೇದಾಗಿತ್ತು, ಹೊಸಾದು ಹಾಕೀನಿ."