ಆನ್‌ಲೈನ್‌ನಲ್ಲಿ ವಜ್ರ ಕೊಳ್ಳುವಾಗ ಕಟ್ (ಕಲ್ಲನ್ನು ಕತ್ತರಿಸಿದ ರೀತಿ) ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ?

ಫೋಟೋ ನೋಡಿ ಮರುಳಾಗಬೇಡಿ, ಸ್ಟುಡಿಯೋ ಲೈಟಿನಲ್ಲಿ ಎಲ್ಲ ವಜ್ರವೂ ಹೊಳೆಯುತ್ತದೆ. ಮೊದಲು ಜಿಐಎ (ವಜ್ರ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆ) ರಿಪೋರ್ಟ್ ನಂಬರನ್ನು ಆ ಸಂಸ್ಥೆಯದೇ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಗಣಿಯಿಂದ ಬಂದ ದುಂಡು ವಜ್ರವಾದರೆ ಕಟ್ ಗ್ರೇಡ್ ‘ಎಕ್ಸಲೆಂಟ್’ ಇರಲಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಆ ಗ್ರೇಡಿನ ವ್ಯಾಪ್ತಿ ದೊಡ್ಡದು, ಅದರೊಳಗೂ ಹೆಚ್ಚು ಕಡಿಮೆ ಇರುತ್ತದೆ.

ರಿಪೋರ್ಟಿನ ಚಿತ್ರದಲ್ಲಿ ಅಳತೆಗಳಿರುತ್ತವೆ, ನಾನಾದರೆ ಟೇಬಲ್ (ಮೇಲಿನ ಚಪ್ಪಟೆ ಮುಖ) ಕಲ್ಲಿನ ಅಗಲದ 54ರಿಂದ 58%, ಕ್ರೌನ್ (ಮೇಲ್ಭಾಗ) ಕೋನ 34ರಿಂದ 35 ಡಿಗ್ರಿ, ಪೆವಿಲಿಯನ್ ಕೋನ 40.6ರಿಂದ 41 ಡಿಗ್ರಿ ಒಳಗಿರುವುದನ್ನೇ ಹುಡುಕುತ್ತೇನೆ. ಪೆವಿಲಿಯನ್ ಅಂದರೆ ಕೆಳಭಾಗ. ಅದರ ಕೋನ ತಪ್ಪಿದರೆ ಮೇಲಿಂದ ಒಳಹೋದ ಬೆಳಕು ಕಣ್ಣಿಗೆ ವಾಪಸ್ ಬರದೆ ತೂತು ಬಿದ್ದ ಕೊಡದ ನೀರಿನ ಹಾಗೆ ತಳದಿಂದ ಸೋರಿಹೋಗುತ್ತದೆ, ಆಮೇಲೆ ಕಲರ್, ಕ್ಲಾರಿಟಿ ಎಷ್ಟು ಚೆನ್ನಾಗಿದ್ದರೂ ಕಲ್ಲು ಮಂಕು.

ಅಗಲವನ್ನೂ ನೋಡಿ. ಒಂದು ಕ್ಯಾರೆಟ್ ದುಂಡು ವಜ್ರ ಸುಮಾರು 6.4 ಮಿ.ಮೀ. ಇರಬೇಕು. 6.1 ಇದ್ದರೆ ತೂಕ ಆಳದಲ್ಲಿ ಅಡಗಿದೆ, ಕಾಣದ ತೂಕಕ್ಕೆ ಸುಮ್ನೆ ದುಡ್ಡು ಕೊಡುವುದೇಕೆ, ಅಲ್ವಾ?

ಓವಲ್, ಪೇರ್ ಆಕಾರಗಳಲ್ಲಿ ನಂಬರ್ ಜಾಸ್ತಿ ಹೇಳುವುದಿಲ್ಲ. 360 ಡಿಗ್ರಿ ವಿಡಿಯೋ ಕೇಳಿ, ನಡುವೆ ಬೋ ಟೈ ಥರ ದಟ್ಟ ಕಪ್ಪು ಕಂಡರೆ ಬಿಟ್ಟುಬಿಡಿ. ವಾಪಸ್ ತಗೊಳ್ಳದ ಅಂಗಡಿಯಿಂದಂತೂ ಬೇಡವೇ ಬೇಡ.