ಕೇಳ್ರಿ, ಹೇಳ್ತೀನಿ: ಯೂರೋಲೀಗ್‌ನ ಆ 2022-23ರ ಸೀಸನ್

ಹೋದ ಸಂಚಿಕೆಯೊಳಗ ಕ್ರಿಕೆಟ್ ಪ್ರಶ್ನೆಗಳ ನಡುವ ಎರಡ ಸಾಲು ಬರದಿದ್ದೆ, ಯೂರೋಪಿನ ಕ್ಲಬ್ ಬಾಸ್ಕೆಟ್‌ಬಾಲ್‌ನ ದೊಡ್ಡ ಲೀಗ್ ಯೂರೋಲೀಗ್‌ನಾಗ 2023ರ ಫೈನಲ್ ಒಳಗ ಇಡೀ ಮ್ಯಾಚಿಗೆ ಒಂದ ಬಾಸ್ಕೆಟ್ ಹಾಕಿದಾವ ಕಪ್ ಗೆಲ್ಲಿಸಿದಾ ಅಂತ. ಅಷ್ಟಕ್ಕ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪ್ರಶ್ನೆ ಮ್ಯಾಲ ಪ್ರಶ್ನೆ. ಹಂಗಾಗಿ ಈ ಸಲ ಕ್ರಿಕೆಟ್ ಪೂರಾ ರಜಾ, ಕ್ರಿಕೆಟ್ ಮಂದಿ ಬೈಬ್ಯಾಡ್ರಿ.

ಸರ, ನಾ ಅಮೆರಿಕಾದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಿಟ್ರ ಬ್ಯಾರೆ ನೋಡಂಗಿಲ್ಲ. ಯೂರೋಲೀಗ್ ಅಂದ್ರ ಎನ್‌ಬಿಎಗೆ ಸೆಲೆಕ್ಟ್ ಆಗ್ಲಾರ್ದವ್ರು ಆಡೋದು ಅಲ್ಲೇನ್ರಿ?
– ಇಂಜಿನಿಯರಿಂಗ್ ಹುಡುಗ, ವಿದ್ಯಾನಗರ, ಹುಬ್ಬಳ್ಳಿ

ತಮ್ಮಾ, ನೀ ದಿನಾ ರೀಲ್ಸ್‌ನಾಗ ನೋಡೋ ಲೂಕಾ ಡಾನ್ಚಿಚ್ ಎಲ್ಲಿಂದ ಬಂದಾ ಅಂತ ತಿಳದಿ? 2018ರಾಗ ರಿಯಲ್ ಮ್ಯಾಡ್ರಿಡ್ ಕಡೆ ಇದ ಲೀಗ್ ಗೆದ್ದು, 19 ವರ್ಷಕ್ಕ ಸೀಸನ್ನಿನ ಎಂವಿಪಿ (ಅಂದ್ರ ಎಲ್ಲಾರಿಗಿಂತ ಛಲೋ ಆಟಗಾರ) ಆಗಿ, ಆಮ್ಯಾಲ ಅಮೆರಿಕಾಕ್ಕ ಹೋದಾವ ಅವ. ಇನ್ನ ಸರ್ಜಿಯೋ ಯೂಲ್ ಅಂತ ಒಬ್ಬ ಇದ್ದಾನ, ಹೋದ ಸಲ ಹೇಳಿದ ಆ ಒಂದ ಬಾಸ್ಕೆಟ್ ಮನಷ್ಯಾ ಅವನ, 2009ರಾಗ ಎನ್‌ಬಿಎ ಟೀಮ್‌ಗಳು ಹೊಸಾ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟ್‌ನಾಗ ಹೆಸರು ಬಂತು, ಹ್ಯೂಸ್ಟನ್‌ನವ್ರು ರೈಟ್ಸ್ ತಗೊಂಡು ಕುಂತ್ರು, ಇಂವಾ ಹೋಗ್ಲೇ ಇಲ್ಲ, ಮ್ಯಾಡ್ರಿಡ್‌ನಾಗ ಉಳದಾ. ಹಿಂಗ ಎನ್‌ಬಿಎ ಕರೆ ಬಂದ್ರೂ ಹೋಗ್ಲಾರ್ದವ್ರೂ ಅದಾರ.

ಲೀಗ್ 1958ರಿಂದ ಐತಿ, ಮೊದಲನೇ ಮೂರೂ ವರ್ಷ ಕಪ್ ಹೋಗಿದ್ದು ಲಾಟ್ವಿಯಾದ ರೀಗಾ ಊರಿನ ಮಿಲಿಟರಿ ಕ್ಲಬ್ಬಿಗೆ. 2000ದಾಗ ದೊಡ್ಡ ಕ್ಲಬ್‌ಗಳು ಜಗತ್ತಿನ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಕೈಯಿಂದ ಬಿಡಿಸ್ಕೊಂಡು ತಮ್ಮದ ಕಂಪನಿ ಮಾಡ್ಕೊಂಡ್ವು. ಹೆಸರು ನಿನಗ ಫುಟ್‌ಬಾಲ್‌ದಿಂದ ಗೊತ್ತಿರ್ತಾವ, ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಫೆನರ್‌ಬಾಚೆ, ಗ್ರೀಸಿನ ಒಲಿಂಪಿಯಾಕೋಸ್, ಅಲ್ಲಿ ಒಂದ ಕ್ಲಬ್ಬಿನ್ಯಾಗ ಎಲ್ಲಾ ಆಟ ಇರ್ತಾವ. 2022-23ರಾಗ 18 ಟೀಮ್, ಪ್ರತಿಯೊಬ್ರ ಜೋಡಿ ಮನಿಯಾಗ ಒಂದು ಹೊರಗ ಒಂದು ಅಂತ ಒಟ್ಟು 34 ಮ್ಯಾಚು, ಮ್ಯಾಲಿನ ಎಂಟು ಟೀಮ್ ಪ್ಲೇಆಫ್‌ಗೆ, ಅಲ್ಲಿ ಐದರಾಗ ಮೂರು ಗೆದ್ದವ್ರು ಫೈನಲ್ ಫೋರ್‌ಗೆ, ಅಂದ್ರ ಒಂದ ಊರಾಗ ಒಂದ ವೀಕೆಂಡಿನ್ಯಾಗ ಒಂದೊಂದ ಮ್ಯಾಚಿನ ಸೆಮಿಫೈನಲ್, ಫೈನಲ್. ಇದರ ಜೋಡಿ ತಮ್ಮ ತಮ್ಮ ದೇಶದ ಲೀಗ್ ಬ್ಯಾರೆ ಆಡಬೇಕು! ಆಟ ಎನ್‌ಬಿಎದಂಗ 48 ಅಲ್ಲ 40 ನಿಮಿಷ, ಆರು ಅಲ್ಲ ಐದ ಫೌಲಿಗೆ ಹೊರಗ. ಟೈಮ್ ಕಡಿಮಿ ಇರೋದಕ್ಕ ಬಾಲ್ ಕೈಗೆ ಬಂದ ಒಂದೊಂದು ಸರತಿಗೂ ಕೋಚ್ ಬೆವರು ಸುರಸ್ತಾನ, ನನಗ ರುಚಿ ಹತ್ತಿದ್ದು ಅಲ್ಲೇ.

34 ಮ್ಯಾಚ್ ಆಡಿ ಒಲಿಂಪಿಯಾಕೋಸ್ ಟಾಪ್ ಬಂತು, ಕಪ್ ಮಾತ್ರ ಒಂದ ಪಾಯಿಂಟಿನಿಂದ ಮ್ಯಾಡ್ರಿಡ್‌ಗೆ. ಎಂಟು ತಿಂಗಳ ದುಡಿದಿದ್ದು ಒಂದ ವೀಕೆಂಡಿನ್ಯಾಗ ನೀರಾಗೋದು ಯಾವ ನ್ಯಾಯಾರೀ? ನಾನು ಹುಡುಗರಿಗೆ ಏನಂತ ಹೇಳ್ಲಿ?
– ಪಿ.ಟಿ. ಮಾಸ್ತರು, ಧಾರವಾಡ

ಮಾಸ್ತರ, ನಿಮ್ಮ ಸಿಟ್ಟು ನನಗ ಅರ್ಥ ಆಗ್ತೈತ್ರಿ. ಐಪಿಎಲ್‌ನಾಗ ಮೊದಲಿನ ಎರಡು ಟೀಮಿಗೆ ಒಂದು ಸೋತ್ರೂ ಇನ್ನೊಂದು ಚಾನ್ಸ್ ಇರ್ತೈತಿ, ಇಲ್ಲಿ ಏನೂ ಇಲ್ಲ. ಒಲಿಂಪಿಯಾಕೋಸ್ 24 ಗೆದ್ದು 10 ಸೋತಿತ್ತು, ಮ್ಯಾಡ್ರಿಡ್ 23 ಗೆದ್ದು ಮೂರನೇ ನಂಬರ್. ಟಾಪ್ ಬಂದಿದ್ದಕ್ಕ ಸಿಕ್ಕಿದ್ದು ಪ್ಲೇಆಫ್‌ನಾಗ ಐದನೇ ಮ್ಯಾಚು ಮನಿಯಾಗ ಆಡೋ ಹಕ್ಕು, ಅಷ್ಟ. ಅದೂ ಬೇಕಾತು, ಎಂಟನೇ ನಂಬರಿನ ಫೆನರ್‌ಬಾಚೆ ಅವರನ್ನ ಐದನೇ ಮ್ಯಾಚಿನ ತನಕ ಎಳದೊಯ್ದಿತ್ತು.

ಫೈನಲ್ ಫೋರ್ ಲಿಥುವೇನಿಯಾದ ಕೌನಸ್ ಊರಾಗ, ಬಾಸ್ಕೆಟ್‌ಬಾಲ್ ಅಂದ್ರ ದೇವರು ಅನ್ನೋ ದೇಶ ಅದು. ಸೆಮಿಫೈನಲ್‌ನಾಗ ಮೊನಾಕೋ ಹಾಫ್‌ಟೈಮ್‌ಗೆ ಮುಂದ ಇತ್ರಿ, ಮೂರನೇ ಕ್ವಾರ್ಟರ್‌ನಾಗ ಒಲಿಂಪಿಯಾಕೋಸ್ 27 ಹೊಡೀತು, ಮೊನಾಕೋ ಎರಡ. ಎರಡು ಅಂದ್ರ ಎರಡ ಪಾಯಿಂಟು, ಹತ್ತು ನಿಮಿಷಕ್ಕ! 76-62 ಮುಗೀತು. ಆಮ್ಯಾಲ ಫೈನಲ್ಲು. ಬಲ್ಗೇರಿಯಾದ ಸಾಶಾ ವೆಜೆಂಕೋವ್, ಸೀಸನ್ನಿನ ಎಂವಿಪಿ, ಅವತ್ತೂ 29 ಹೊಡದಾ. ಕೊನೀಗೆ 78-77 ಒಲಿಂಪಿಯಾಕೋಸ್ ಮುಂದ. ಅಲ್ಲಿ ತನಕ ಸೊನ್ನೀ ಮ್ಯಾಲ ಇದ್ದ 35 ವರ್ಷದ ಯೂಲ್ ಬಾಲ್ ತಗೊಂಡು, ಏಳಡಿ ಮ್ಯಾಲ ಇರೋ ಮುಸ್ತಫಾ ಫಾಲ್ ಕೈ ಎತ್ತಿ ನಿಂತ್ರೂ ಅವನ ತಲೀ ಮ್ಯಾಲಿಂದ ತೂರಿಬಿಟ್ಟಾ, ಮೂರು ಸೆಕೆಂಡ್ ಉಳದಿತ್ತು. 79-78. ಮ್ಯಾಡ್ರಿಡ್‌ಗೆ 11ನೇ ಕಪ್.

ನ್ಯಾಯದ ಮಾತಿಗೆ ಬರ್ತೀನ್ರಿ. 2012ರಾಗ ಇಸ್ತಾಂಬುಲ್ ಫೈನಲ್‌ನಾಗ ಸಿಎಸ್‌ಕೆಎ ಮಾಸ್ಕೋ ಬಲಾಢ್ಯ ಟೀಮು, 19 ಪಾಯಿಂಟ್ ಮುಂದ ಹೋಗಿತ್ತು, ಅದನ್ನ ಇದ ಒಲಿಂಪಿಯಾಕೋಸ್ ಹಿಂದಿಂದ ಹಿಡದು, ಒಂದು ಸೆಕೆಂಡೂ ಪೂರಾ ಉಳೀಲಾರ್ದ ಹೊತ್ತಿನ್ಯಾಗ ಪ್ರಿಂಟೆಜಿಸ್ ಹಾಕಿದ ಬಾಸ್ಕೆಟ್‌ನಿಂದ 62-61ಕ್ಕ ಗೆದ್ದಿತ್ತು. ಅವತ್ತು ಗ್ರೀಸಿನ್ಯಾಗ ಯಾರೂ ನ್ಯಾಯ ಕೇಳ್ಲಿಲ್ಲ. ಫೈನಲ್ ಫೋರ್ ಅನ್ಯಾಯ ಅನ್ನೋದು ಖರೆ, ಆದ್ರ ಎಲ್ಲಾರಿಗೂ ಸರತಿ ಬರೋ ಅನ್ಯಾಯ, ಅದಕ್ಕ ನಾ ಅದರ ಪರ. ಹುಡುಗರಿಗೆ ನ್ಯಾಯ-ಗೀಯ ಬ್ಯಾಡ್ರಿ, ಸೊನ್ನೀ ಮ್ಯಾಲ ಇದ್ದಾವ ಕಡೇ ಬಾಲ್ ಕೇಳಿ ಇಸ್ಕೊಳ್ಳೋ ಧೈರ್ಯ ಎಲ್ಲಿಂದ ತಂದಾ ಅಂತ ಕೇಳ್ರಿ.

ಅಣ್ಣಾ, ಮ್ಯಾಡ್ರಿಡ್‌ನಾಗ ನಡುಕೋರ್ಟ್ ಬಡದಾಡಿದ್ರಂತಲ್ಲ, ಆಮ್ಯಾಲೂ ಆ ಟೀಮಿಗೆ ಕಪ್ ಹೆಂಗ ಕೊಟ್ರು?
– ಮೊಬೈಲ್ ಅಂಗಡಿಯಂವ, ಗದಗ

ಹೌದಪಾ, 2023ರ ಏಪ್ರಿಲ್ 27. ಪ್ಲೇಆಫ್ ಎರಡನೇ ಮ್ಯಾಚು, ಸರ್ಬಿಯಾದ ಬೆಲ್‌ಗ್ರೇಡಿನ ಪಾರ್ಟಿಜಾನ್ 95-80 ಮುಂದ ಐತಿ, ಎರಡ ನಿಮಿಷಾನೂ ಉಳದಿಲ್ಲ, ಯೂಲ್ ಹೋಗಿ ಕೆವಿನ್ ಪಂಟರ್‌ಗೆ ಬಿರುಸು ಫೌಲ್ ಮಾಡಿದಾ, ಅಲ್ಲಿಂದ ಬೆಂಚಿನವ್ರೂ ಎದ್ದು ಬಂದು ಶುರು ಹಚ್ಕೊಂಡ್ರು. ಮ್ಯಾಡ್ರಿಡ್‌ನ ಯಾಬುಸೆಲೆ, ಪಾರ್ಟಿಜಾನಿನ ಎಕ್ಸಮ್‌ನನ್ನ ಎತ್ತಿ ನೆಲಕ್ಕ ಕೆಡವಿದಾ. ಮ್ಯಾಚು ಅಲ್ಲೇ ನಿಲ್ಲಿಸಿದ್ರು, ಸೀರೀಸಿನ್ಯಾಗ ಪಾರ್ಟಿಜಾನ್ 2-0 ಮುಂದ.

ಶಿಕ್ಷೆ: ಯಾಬುಸೆಲೆಗೆ ಐದು ಮ್ಯಾಚ್, ಲೆಕ್ಕಾ ಹಾಕು, ಸೀರೀಸಿನ ಉಳದ ಮೂರು, ಸೆಮಿ, ಫೈನಲ್, ಅಲ್ಲಿಗೆ ಅವನ ಸೀಸನ್ ಮುಗೀತು. ಪಂಟರ್‌ಗೆ ಎರಡು, ಎರಡೂ ಕಡೆ ಇನ್ನೊಬ್ಬೊಬ್ರಿಗೆ ಒಂದೊಂದು. ನನಗ ಹೊಟ್ಟಿ ಉರಿಯೋದು ಪಂಟರ್‌ದಕ್ಕ, ಫೌಲ್ ತಿಂದಾವ ಅವನ, ಎರಡು ಮ್ಯಾಚ್ ಹೊರಗ ಕುಂತಾವನೂ ಅವನ, ಆ ಎರಡೂ ಮ್ಯಾಚು ಬೆಲ್‌ಗ್ರೇಡಿನ್ಯಾಗ ಇಪ್ಪತ್ತು ಸಾವಿರದ ಆಸುಪಾಸು ಮಂದಿ ಒದರೂ ಜಾಗಾದಾಗ ಪಾರ್ಟಿಜಾನ್ ಸೋತಿತು. ಐದನೇದು ತಿರುಗಿ ಮ್ಯಾಡ್ರಿಡ್‌ನಾಗ, ದೊಡ್ಡ ಅಂತರದಿಂದ ಹಿಂದ ಬಿದ್ದ ಮ್ಯಾಡ್ರಿಡ್‌ನವ್ರು ಎದ್ದು ಬಂದು 98-94 ಗೆದ್ರು. 0-2ರಿಂದ ಬಂದು ಐದರ ಸೀರೀಸ್ ಗೆದ್ದಿದ್ದು ಯೂರೋಲೀಗ್‌ನಾಗ ಅದ ಮೊದಲು. ಎದುರಿಗೆ ಕುಂತ ಕೋಚ್ ಯಾರು ಅಂದ್ರ ಜೆಲ್ಕೋ ಒಬ್ರಾಡೋವಿಚ್, ಐದು ಬ್ಯಾರೆ ಬ್ಯಾರೆ ಕ್ಲಬ್ಬಿಗೆ ಒಂಬತ್ತು ಯೂರೋಲೀಗ್ ಗೆದ್ದುಕೊಟ್ಟ ಮುದುಕ. ಮ್ಯಾಡ್ರಿಡ್ ಕೋಚ್ ಚೂಸ್ ಮಾತೆಯೋಗೆ ಹೆಡ್ ಕೋಚ್ ಅಂತ ಅಲ್ಲಿ ಮೊದಲ ಸೀಸನ್ನು! ಕಪ್ ಅವರಿಗೆ ಯಾರೂ ಕೊಡ್ಲಿಲ್ಲ ತಮ್ಮಾ, ಕಸಗೊಂಡ್ರು.

ಸರ್, ನಾನು ಪಿಯು ಕಾಲೇಜ್ ಟೀಮಿನ್ಯಾಗ ಬಾಲ್ ತಂದು ಆಟ ನಡಸೋ ಪಾಯಿಂಟ್ ಗಾರ್ಡ್, ಹೈಟ್ ಐದಡಿ ಒಂದಿಂಚು. ಆ ಸೀಸನ್ನಿನ್ಯಾಗ ನಾ ಯಾರನ್ನ ನೋಡಿ ಕಲೀಬೇಕು?
– ಬೆಟಗೇರಿ ಹುಡುಗಿ

ತಂಗಿ, ಇಷ್ಟರಾಗ ಛಲೋ ಪ್ರಶ್ನಿ ನಿಂದ. ಮ್ಯಾಡ್ರಿಡ್‌ನ ಸರ್ಜಿಯೋ ರಾಡ್ರಿಗೆಜ್‌ನ ನೋಡು, ಅವತ್ತು 36 ವರ್ಷ, ಓಡಾಟ ಕಮ್ಮಿ, ಫೈನಲ್‌ನಾಗ 15 ಪಾಯಿಂಟು, 9 ಅಸಿಸ್ಟು (ಬ್ಯಾರೆಯವ್ರ ಬಾಸ್ಕೆಟ್‌ಗೆ ಕೊಟ್ಟ ಪಾಸ್). ಬಾಲ್ ಕೈಯಾಗ ಇದ್ದಾಗ ಅವನ ಕಣ್ಣು ಎಲ್ಲಿ ಇರ್ತಾವು ಅಂತ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡು, ಸ್ಕೋರ್ ನೋಡಬ್ಯಾಡ.

ಇನ್ನ ಡಿಫೆನ್ಸು. ಮ್ಯಾಡ್ರಿಡ್‌ನವ್ರು ಆ ಸೀಸನ್ನಿನ ಕಡೀಗೆ ಝೋನ್ ಆಡಿದ್ರು, ಅಂದ್ರ ಮನಷ್ಯಾನ ಬದ್ಲಿ ತನ್ನ ತನ್ನ ಜಾಗಾ ಕಾಯೋದು, ಯಾಕಂದ್ರ ಯೂಲ್, ರಾಡ್ರಿಗೆಜ್, 38ರ ರೂಡಿ ಫೆರ್ನಾಂಡೆಜ್ ಇಂಥಾ ವಯಸ್ಸಾದವ್ರನ್ನ ಇಟ್ಕೊಂಡು ಒಬ್ಬೊಬ್ರ ಬೆನ್ನು ಹತ್ತಿ ಓಡಸಾಕ ಆಗಂಗಿಲ್ಲ. ಹಿಂದ ರಿಂಗಿನ ಬುಡಕ್ಕ ಕೇಪ್ ವರ್ಡೆ ದ್ವೀಪದ ಎಡಿ ತವಾರೆಸ್, ಏಳಡಿ ಮೂರಿಂಚು, ಕಣದಾಗ ಮೇಟಿ ನಟ್ಟಂಗ ನಿಂತಿರ್ತಾನ, ಉಳದವ್ರು ಅವನ ಸುತ್ತ ತಿರಗ್ತಾರ. ಎನ್‌ಬಿಎದಾಗ ಇದು ನಡಿಯಂಗಿಲ್ಲ, ತನ್ನ ಮನಷ್ಯಾನ್ನ ಬಿಟ್ಟು ಡಿಫೆಂಡರ್ ರಿಂಗಿನ ಕೆಳಗಿನ ಜಾಗಾದಾಗ (ಪೇಂಟ್) ಮೂರು ಸೆಕೆಂಡ್ ಮ್ಯಾಲ ನಿಂತ್ರ ಟೆಕ್ನಿಕಲ್ ಫೌಲ್, ಯೂರೋಪಿನ್ಯಾಗ ಆ ರೂಲ್ ಇಲ್ಲ, ನೀವು ಕಾಲೇಜ್ ಟೂರ್ನಮೆಂಟ್‌ನಾಗ ಆಡೋ ಫೀಬಾ ರೂಲಿನ್ಯಾಗೂ ಇಲ್ಲ. ತವಾರೆಸ್ 17 ವರ್ಷದ ತನಕ ಬಾಸ್ಕೆಟ್‌ಬಾಲ್ ಆಡಿದಾವ ಅಲ್ಲ, ಫೈನಲ್ ಫೋರ್ ಎಂವಿಪಿ ಆದಾ. ನಿಮ್ಮ ಟೀಮಿನ್ಯಾಗ ಉದ್ದನ್ನ ಹುಡುಗಿ ಒಬ್ಬಾಕಿ ಇದ್ರ ನಾಳೇನ ಕೋಚ್‌ಗೆ ಹೇಳು, ಟು-ಥ್ರೀ ಝೋನ್ ಮಾಡ್ರಿ, ಮುಂದ ಇಬ್ಬರು ಹಿಂದ ಮೂವರು, ಮುಂದಿನ ಇಬ್ಬರೊಳಗ ನೀ ಒಬ್ಬಾಕಿ, ನಿನ್ನ ಕೆಲಸ ಹೈಟಿಂದಲ್ಲ, ಕಾಲಿಂದು ಮತ್ತ ಬಾಯಿಂದು. ಒದರಬೇಕು, ಸುಮ್ಮನ ನಿಂತ್ರ ಝೋನ್ ಸತ್ತಂಗ.

ಕೊನೇ ಬಂದ ಟೀಮ್ ಕೆಳಗ ಬೀಳ್ತೈತೇನ್ರಿ? ರಷ್ಯಾದ ಟೀಮ್ ಎಲ್ಲಿ ಹೋದ್ವು?
– ಎಪಿಎಂಸಿ ವ್ಯಾಪಾರಿ, ರಾಣೆಬೆನ್ನೂರ

ಸಾವ್ಕಾರ್ರ, ಬೀಳಂಗಿಲ್ಲ. ಒಂದಿಷ್ಟು ಕ್ಲಬ್ ಕಡೆ ವರ್ಷಗಟ್ಟಲೆ ಲೈಸೆನ್ಸ್ ಐತಿ, ಉಳದ ಜಾಗಾ ಗೆದ್ದು ಬರಬೇಕು, ಇಲ್ಲಾ ಆಹ್ವಾನ ಬರಬೇಕು. 2022-23ರಾಗ ಕಟ್ಟಕಡೀಗೆ ಬಂದಿದ್ದು ಎನ್‌ಬಿಎ ಆಡಿ ಬಂದ ಟೋನಿ ಪಾರ್ಕರ್ ಆಗ ಅಧ್ಯಕ್ಷ ಇದ್ದ ಫ್ರಾನ್ಸಿನ ಆಸ್ವೆಲ್, ಮುಂದಿನ ವರ್ಷಾನೂ ಆಡಿತು. ನನಗಿದು ಸೇರಂಗಿಲ್ಲ, ಸಣ್ಣ ಊರಿನ ಟೀಮ್ ಬಾಗಲಾ ಬಡದು ಬಡದು ಸುಸ್ತಾಗ್ತಾವು. ರಷ್ಯಾದ ಮೂರು ಟೀಮನ್ನ 2022ರ ಫೆಬ್ರುವರಿ ಕಡೀಗೆ, ಉಕ್ರೇನ್ ಯುದ್ಧ ಶುರುವಾದ ಕೂಡ್ಲೆ ನಿಲ್ಲಿಸಿದ್ರು, ಈ ಸೀಸನ್ನಿನ್ಯಾಗೂ ಬರ್ಲಿಲ್ಲ.

ಆದ್ರ ಲೈಸೆನ್ಸಿನ ಇನ್ನೊಂದು ಮುಖ ಕೇಳ್ರಿ. ಆ ವರ್ಷ 18ರಾಗ 17ನೇ ನಂಬರ್ ಬಂದ ಅಥೆನ್ಸಿನ ಪನಾಥಿನೈಕೋಸ್, ಎರ್ಗಿನ್ ಅಟಮಾನ್ ಅನ್ನೋ ಟರ್ಕಿ ಕೋಚನ್ನ ತಂದು, ಕೌನಸ್ ಫೈನಲ್ ಸೋತ ಒಲಿಂಪಿಯಾಕೋಸ್‌ನ ಆಟಗಾರ ಸ್ಲೂಕಾಸ್‌ನನ್ನೂ ತಮ್ಮ ಕಡೆ ಎಳಕೊಂಡು, 2024ರಾಗ ಬರ್ಲಿನ್ ಫೈನಲ್‌ನಾಗ ಮ್ಯಾಡ್ರಿಡ್‌ನ 95-80ಕ್ಕ ಸೋಲಿಸಿತು. ಸ್ಲೂಕಾಸ್ ಫೈನಲ್ ಫೋರ್ ಎಂವಿಪಿ. ಕೌನಸ್ಸಿನ ಸಾಲಾ ಬಡ್ಡಿ ಸಮೇತ ವಸೂಲ್ ಮಾಡಿದಾ, ಬ್ಯಾರೆ ಅಂಗಿ ಹಾಕ್ಕೊಂಡು.

ಮ್ಯಾಚ್ ಎಷ್ಟೊತ್ತಿಗೆ ಬರ್ತಾವ್ರಿ ನಮ್ಮ ಕಡೆ?
– ಹಾವೇರಿ

ಚಳಿಗಾಲದಾಗ ಸ್ಪೇನಿನ ಮ್ಯಾಚ್ ಬಹಳಷ್ಟು ಮಧ್ಯರಾತ್ರಿ ದಾಟಿದ ಮ್ಯಾಲ. ಮುಂಜಾನೆ ಕೆಲಸಕ್ಕ ಹೋಗೋದಿದ್ರ ಹೈಲೈಟ್ಸ್ ನೋಡ್ರಿ, ಪ್ಲೇಆಫ್ ಬಂದಾಗ ಮಾತ್ರ ನಿದ್ದಿ ಬಿಡ್ರಿ. ಮುಂದಿನ ಸಂಚಿಕೆಗೆ ಕಬಡ್ಡಿ ಪ್ರಶ್ನಿ ತಗೋತೀನಿ, ಜಲ್ದಿ ಕಳಸ್ರಿ.