ಅಮ್ಮನನ್ನು ಕಾರಿನಲ್ಲೇ ಕರ್ಕೊಂಡು ಬನ್ನಿ

ಕೆನಡಾದ ವಿನಿಪೆಗ್‌ಗೆ ಬಂದು ಎಂಟು ತಿಂಗಳಾಯ್ತು, ಈಗ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿದೆ ಅಂತ ಬರೆದಿದ್ದೀರಿ. ಜುಲೈನಲ್ಲಿ ದಾವಣಗೆರೆಯಿಂದ ಅಮ್ಮ ಬರುತ್ತಾರೆ. ಅವರಿಗೆ ಮಂಡಿ ನೋವು. ಅವರನ್ನು ವಿಮಾನ ಹತ್ತಿಸಿ ನೀವೊಬ್ಬರೇ ಕಾರು ಓಡಿಸಿಕೊಂಡು ಬರೋದಾ, ಜೊತೆಯಲ್ಲೇ ಕರೆತರೋದಾ ಅನ್ನೋದು ನಿಮ್ಮ ಪ್ರಶ್ನೆ. ಆಫೀಸಿನವರೆಲ್ಲ ‘ದಾರಿಯಲ್ಲಿ ಏನೂ ಇಲ್ಲ, ಬರೀ ಬಯಲು’ ಅಂದರಂತೆ.

ಕರ್ಕೊಂಡು ಬನ್ನಿ. ನಾನು ಕ್ಯಾಲ್ಗರಿಯಲ್ಲಿ ಹದಿನಾರು ವರ್ಷದಿಂದ ಇದ್ದೇನೆ. 2018ರ ಜುಲೈನಲ್ಲಿ ನಮ್ಮಪ್ಪನನ್ನು ಇದೇ ದಾರಿಯಲ್ಲಿ ಕರೆತಂದೆ. ಅದಕ್ಕೂ ಮೊದಲು ನಾನೂ ‘ಏನೂ ಇಲ್ಲ’ ಅಂತಲೇ ಹೇಳುತ್ತಿದ್ದೆ.

ಅಪ್ಪ ಗದಗ ಜಿಲ್ಲೆಯ ರೈತರು. ಎಂಟು ಎಕರೆ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಅಕ್ಕಡಿಯಲ್ಲಿ ಅಗಸಿ.

ಮೊದಲ ದಿನ ನಾನು ತಪ್ಪು ಮಾಡಿದೆ. ವಿನಿಪೆಗ್‌ನಿಂದ ರಿಜೈನಾ ಸುಮಾರು 575 ಕಿಲೋಮೀಟರ್. ರಸ್ತೆ ನೆಟ್ಟಗಿದೆ ಅಂತ ಎಲ್ಲೂ ಸರಿಯಾಗಿ ನಿಲ್ಲಿಸದೆ ಓಡಿಸಿಬಿಟ್ಟೆ. ಅಪ್ಪ ಸುಮ್ನೆ ಕೂತಿದ್ದರು. ಮೋಟೆಲ್‌ನಲ್ಲಿ ಬೂಟು ಬಿಚ್ಚಿದಾಗ ನೋಡಿದರೆ ಎರಡೂ ಪಾದ ಬಾತುಕೊಂಡಿದ್ದವು. ಒಂದಕ್ಕೆ ಹೋಗಬೇಕು ಅನ್ನಿಸಿದ್ದನ್ನೂ ಎರಡು ಗಂಟೆ ತಡೆದುಕೊಂಡಿದ್ದರು. “ನಿನಗ್ಯಾಕ ತ್ರಾಸ ಕೊಡೂದು ಅಂತ ಸುಮ್ಮನಿದ್ದೆ” ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಮ್ಮ ಬಾಯಿಬಿಟ್ಟು ಕೇಳಲಿ ಅಂತ ಕಾಯಬೇಡಿ. ನಮ್ಮ ತಂದೆತಾಯಿ ಕೇಳೋದಿಲ್ಲ. ಒಂದೂವರೆ ಗಂಟೆಗೊಮ್ಮೆ ನೀವೇ ನಿಲ್ಲಿಸಿ, ಐದು ನಿಮಿಷ ಅಡ್ಡಾಡಿಸಿ. ಮಂಡಿ ನೋವಿದ್ದರೆ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ. ಒಟ್ಟು ಸುಮಾರು 1,300 ಕಿಲೋಮೀಟರ್ ಇದೆ. ಎರಡು ದಿನಕ್ಕೆ ಮುಗಿಸಬಹುದು, ಆದರೆ ಮೂರು ದಿನ ಇಟ್ಟುಕೊಳ್ಳಿ.

ಎರಡನೇ ದಿನ ನಾನು ಅವಸರ ಬಿಟ್ಟೆ. ರಿಜೈನಾ ದಾಟಿದ ಮೇಲೆ ರಸ್ತೆ ಪಕ್ಕ ನಿಂತಿದ್ದೆವು. ಅಪ್ಪ ಬಗ್ಗಿ ಒಂದು ಹೆಂಟೆ ಎತ್ತಿಕೊಂಡರು. ಪುಡಿ ಮಾಡಿ, ಬಾಟಲಿಯ ನೀರು ಹನಿಸಿ, ಹೆಬ್ಬೆರಳಲ್ಲಿ ತಿಕ್ಕಿ ಉದ್ದಕ್ಕೆ ಎಳೆದರು. ಮಣ್ಣು ತುಂಡಾಗದೆ ರಿಬ್ಬನ್ ಥರ ಬಂತು. “ಬಣ್ಣ ಅಷ್ಟ ಬ್ಯಾರೆ. ಇದು ನಮ್ಮ ಎರೀನ” ಅಂದರು. ನಿಜ ಕೂಡ. ಆ ಭಾಗದ ಜೇಡಿ ಒಣಗಿದರೆ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬರುತ್ತದೆ, ಥೇಟ್ ನಮ್ಮ ಕಡೆಯ ಹಾಗೆ.

ಮತ್ತೆ ಹೊರಟು ಸ್ವಲ್ಪ ಹೊತ್ತಾಗಿತ್ತು. ಎಡಗಡೆ ನೀಲಿ ಕಂಡಿತು. ಕೆರೆ ಇರಬೇಕು ಅಂದುಕೊಂಡೆ. ಅಪ್ಪ ಸೀಟಿನಲ್ಲಿ ಮುಂದಕ್ಕೆ ಬಂದು “ಏ, ಅಗಸಿ! ಅಗಸಿ ಹೂವದು! ನಿಲ್ಲಸು” ಅಂತ ಕೂಗಿದರು. ಮುಂದಿನ ಮಣ್ಣಿನ ರಸ್ತೆಗೆ ತಿರುಗಿಸಿ ನಿಲ್ಲಿಸಿದೆ. ಕಣ್ಣು ಹಾಯುವಷ್ಟು ದೂರ ಅಗಸಿ. ಗಾಳಿಗೆ ಪೂರ್ತಿ ಹೊಲ ಒಂದೇ ಸಲ ಬಾಗುತ್ತಿತ್ತು. ಬೆಳಗ್ಗೆ ಅರಳಿದ ಎಸಳು ಮಧ್ಯಾಹ್ನದ ಹೊತ್ತಿಗೆ ಉದುರಿಬಿಡುತ್ತೆ, ಸರಿಯಾದ ಹೊತ್ತಿಗೇ ಬಂದೆವು ಅಂತ ಅಪ್ಪನೇ ಹೇಳಿದರು. ಅವ್ವ ಕಟ್ಟಿಕೊಟ್ಟಿದ್ದ ಅಗಸಿ ಚಟ್ನಿಪುಡಿ ಚೀಲದಲ್ಲೇ ಇತ್ತು. ಅಲ್ಲೇ ಬದುವಿನ ಮೇಲೆ ಕೂತು ಖಡಕ್ ರೊಟ್ಟಿಗೆ ಮೊಸರು, ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಹೊಲದೊಳಗೆ ಮಾತ್ರ ಕಾಲಿಡಬೇಡಿ. ಕೇಳದೆ ಹೋಗುವಂತಿಲ್ಲ, ಬೂಟಿನ ಮಣ್ಣಿನಿಂದ ಬೆಳೆಗೆ ರೋಗವೂ ಹರಡುತ್ತದೆ.

ಎಷ್ಟು ಎಕರೆ ಅಂತ ಅಪ್ಪ ಕೇಳಿದರು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕ, 640 ಎಕರೆ. ಅದರ ಕಾಲುಭಾಗ, 160 ಎಕರೆಯನ್ನು ಕೆನಡಾ ಸರ್ಕಾರ 1872ರ ಭೂ ಕಾಯ್ದೆಯಲ್ಲಿ ವಲಸೆ ಬಂದವರಿಗೆ ಹತ್ತು ಡಾಲರ್ ಶುಲ್ಕಕ್ಕೆ ಕೊಡುತ್ತಿತ್ತು, ಮೂರು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಬೇಕಿತ್ತು ಅಂತ ಹೇಳಿದೆ. “ಅದಕ್ಕಿಂತ ಮೊದಲ ಯಾರದಿತ್ತು?” ಅಂದರು. ಇಷ್ಟು ವರ್ಷ ಇದ್ದೂ ನಾನು ಅದನ್ನು ಕೇಳಿಕೊಂಡಿರಲಿಲ್ಲ. ಆ ರಾತ್ರಿ ಓದಿ ಹೇಳಿದೆ: ಕ್ರೀ, ಸೋಟೋ, ಅಸಿನಿಬೊಯಿನ್ ಅನ್ನೋ ಮೂಲನಿವಾಸಿಗಳ ನೆಲ, 1874ರಲ್ಲಿ ಅವರಿಗೂ ಸರ್ಕಾರಕ್ಕೂ ನಾಲ್ಕನೇ ಒಪ್ಪಂದ ಆಯ್ತು ಅಂತ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಮೂಸ್ ಜಾ ದಾಟಿ ಚಾಪ್ಲಿನ್ ಹತ್ತಿರ ನೆಲವೆಲ್ಲ ಬೆಳ್ಳಗೆ ಕಾಣುತ್ತದೆ. ಅದು ಸೋಡಿಯಂ ಸಲ್ಫೇಟ್, ಬಟ್ಟೆ ಒಗೆಯುವ ಪುಡಿಗೂ ಹೋಗುತ್ತದೆ. ಅಪ್ಪ ನೋಡಿದ ಕೂಡಲೇ “ಸವಳು” ಅಂದರು. ನಿಮ್ಮಮ್ಮನಿಗೆ ಬೇರೆ ಇನ್ನೇನೋ ಕಂಡೀತು. ಆ ಕಡೆ ಮಸೂರ್ ಬೇಳೆ ಜಾಸ್ತಿ ಬೆಳೆಯುತ್ತಾರೆ. ನಮ್ಮ ಚನ್ನಂಗಿ ಬೇಳೆ ಅಂತ ತೋರಿಸಿ, ಭಾರತಕ್ಕೂ ಇಲ್ಲಿಂದ ಹೋಗುತ್ತದೆ.

ಇನ್ನು ಬೇಕಾದ್ದಷ್ಟೇ ಹೇಳುತ್ತೇನೆ. ಪೆಟ್ರೋಲ್ ಅರ್ಧಕ್ಕೆ ಇಳಿಯುತ್ತಲೇ ತುಂಬಿಸಿ; ಮೂಸ್ ಜಾದಿಂದ ಸ್ವಿಫ್ಟ್ ಕರೆಂಟ್‌ಗೆ ಸುಮಾರು 175 ಕಿಲೋಮೀಟರ್, ನಡುವೆ ಸಣ್ಣ ಊರುಗಳೇ. ಕತ್ತಲಾಗುವ ಮುಂಚೆ ರೂಮು ಸೇರಿಕೊಳ್ಳಿ, ಸಂಜೆ ಜಿಂಕೆಗಳು ರಸ್ತೆಗೆ ಬರುತ್ತವೆ. ಜುಲೈನಲ್ಲಿ ಆಲಿಕಲ್ಲು ಮಳೆ ಜೋರು. ಮೋಡ ದೂರದಿಂದಲೇ ಕಾಣುತ್ತದೆ, ಕಂಡರೆ ಊರಲ್ಲೇ ನಿಂತುಬಿಡಿ. ರಿಜೈನಾ ಇರುವ ಸಸ್ಕಾಚೆವಾನ್ ಪ್ರಾಂತ್ಯದ ಒಳಗೆ ಬಂದಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಬೇಸಿಗೆಯಲ್ಲಿ ಕ್ಯಾಲ್ಗರಿ ಇರುವ ಆಲ್ಬರ್ಟಾಗೆ ಮತ್ತೆ ಬದಲಿಸಬೇಕಿಲ್ಲ. ಅಮ್ಮನ ಮಾತ್ರೆಯ ಹೊತ್ತು ತಪ್ಪದಿರಲಿ ಅಂತ ಹೇಳಿದೆ. ಭೇಟಿಗೆ ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಕಾರ್ಡ್ ಸಿಗುವುದಿಲ್ಲ, ಹಾಗಾಗಿ ವಿಮೆ ಇಲ್ಲದೆ ಹೊರಡಲೇಬೇಡಿ. ತಂದೆತಾಯಿಗೆ ಕೊಡುವ ದೀರ್ಘಾವಧಿಯ ಸೂಪರ್ ವೀಸಾ ಆದರೆ ಕನಿಷ್ಠ ಒಂದು ಲಕ್ಷ ಡಾಲರ್‌ನದು ಹೇಗೂ ಮಾಡಿಸಿರುತ್ತೀರಿ, ಅದರ ಕಾಗದ ಕಾರಿನಲ್ಲೇ ಇರಲಿ.

ಎರಡನೇ ರಾತ್ರಿ ಮೆಡಿಸಿನ್ ಹ್ಯಾಟ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿಂದ ನಮ್ಮನೆಗೆ ಮೂರು ಗಂಟೆ. ಬೆಳಗ್ಗೆ ಹೊರಡುವಾಗ ಒಂದು ಫೋನ್ ಮಾಡಿ, ಮಧ್ಯಾಹ್ನದ ಊಟ ನಮ್ಮಲ್ಲೇ. ಅಮ್ಮನಿಗೆ ಏನು ಪಥ್ಯ ಅಂತ ಮೊದಲೇ ತಿಳಿಸಿಬಿಡಿ.